ಜೂನ್ ಹನ್ನೆರಡರ ಚಿತ್ರ

ಸೋಮವಾರ, ನವೆಂಬರ್ 10, 2025. ಮಧ್ಯಾಹ್ನ 3.10ಕ್ಕೆ ಹುಣಸಿಕೇರಿ ಪೊಲೀಸ್ ಠಾಣೆಗೆ ಬೀಜ-ಗೊಬ್ಬರದ ವ್ಯಾಪಾರಿ ಶ್ರೀಶೈಲಪ್ಪ ಬಂದು ದೂರು ಕೊಟ್ಟರು. ಬಸ್ ನಿಲ್ದಾಣದ ಎದುರಿನ ಅಂಗಡಿಯ ಶಟರ್ ಎಳೆದು ಊಟಕ್ಕೆ ಹೋಗಿದ್ದಾಗ ಸಿಸಿಟಿವಿಯ ರೆಕಾರ್ಡಿಂಗ್ ಡಬ್ಬಿ ಕಳವಾಗಿತ್ತು.

"ಕೀಲಿ ಹಾಕಿದ್ರೇನು?" ಇನ್ಸ್‌ಪೆಕ್ಟರ್ ಸಂಜೀವಕುಮಾರ ಕೇಳಿದರು.

"ಊಟದ ಹೊತ್ತಿಗೆ ಯಾರು ಹಾಕ್ತಾರ್ರಿ?"

"ಗಲ್ಲಾ?"

"ಮುಟ್ಟಿಲ್ರಿ. ಕಳ್ಳನ ಚಿತ್ರಾನೂ ಅದ ಡಬ್ಬಿಯೊಳಗ ಹೋತು."

ಭಾರತೀಯ ನ್ಯಾಯ ಸಂಹಿತೆ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು, ಸಂಖ್ಯೆ 41. ನಾಲ್ಕು ಗಂಟೆಗೆ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ನಿಲ್ದಾಣಕ್ಕೆ ಮುಖ ಮಾಡಿದ್ದ ಕ್ಯಾಮೆರಾ ಗೋಡೆಯಲ್ಲೇ ಇತ್ತು. ತಂತಿಗಳನ್ನು ಕತ್ತರಿಸಿರಲಿಲ್ಲ, ಸ್ವಿಚ್ ಆರಿಸಿ, ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಇಟ್ಟಿದ್ದರು.

"ಕಸುಬಿನ ಕಳ್ಳ ಇಷ್ಟು ಜ್ವಾಕಿ ಮಾಡೂದಿಲ್ರಿ ಸರ್," ಎಂದರು ಹೆಡ್ ಕಾನ್ಸ್‌ಟೇಬಲ್ ಜಯಮಾಲಾ.

ಹೊರಗೆ ಚಹಾದಂಗಡಿಯಲ್ಲಿ ಊರಿನ ಬಾಯಿಗೆ ಕೆಲಸ ಸಿಕ್ಕಿತ್ತು.

"ಇಂಡಿ ಊರಾಗ ಬೈಕ್ ಹೋದ್ವು, ಸಿಂದಗ್ಯಾಗ ಕೊರಳಾಗಿನ ಸರ ಹರಕೊಂಡು ಹೋದ್ರು."

"ಬಾಗೇವಾಡ್ಯಾಗೇನ್ ಕಡಿಮಿ ಐತಿ? ಇನ್ನ ಕಾಯೋ ಕ್ಯಾಮೆರಾನೂ ನಾವ ಕಾಯಬೇಕು."

"ಸಾಹೇಬ್ರು ಮೊನ್ನೆ ಸಭಾದಾಗ ಅಪರಾಧ ಇಳದಾವ ಅಂದ್ರಲ್ಲಪಾ."

"ಬರಕೊಂಡ್ರ ಏರತಾವ. ಬರಕೊಳ್ಳದಿದ್ರ ಇಳೀತಾವ."

ಸಂಜೀವಕುಮಾರ ಕೇಳಿಸಿಕೊಂಡೂ ಕೇಳದವರಂತೆ ಜೀಪು ಹತ್ತಿದರು. ಆ ಮಾತು ಸುಳ್ಳೇನಲ್ಲ. ಕಳೆದ ವರ್ಷ ಇಷ್ಟೊತ್ತಿಗೆ ಅರವತ್ತೆರಡು ಪ್ರಕರಣಗಳಿದ್ದವು, ಈ ವರ್ಷ ಇವತ್ತಿನದೂ ಸೇರಿ ನಲವತ್ತೊಂದು. ದೂರನ್ನು ಬರೀ ಅರ್ಜಿಯೆಂದು ತೆಗೆದುಕೊಂಡು, ವಿಚಾರಿಸಿದ್ದೇವೆ ಎಂದು ಹಿಂಬರಹ ಕೊಟ್ಟು ಕಳಿಸಿದರೆ ಅಂಕಿ ತಾನಾಗಿಯೇ ಇಳಿಯುತ್ತದೆ. ಈ ವಿದ್ಯೆ ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಳವಿನ ಮಾಲು ರಿಪೇರಿ ಅಂಗಡಿಗೆ ಬರಲೇಬೇಕು. ಮರುದಿನ ಕಾನ್ಸ್‌ಟೇಬಲ್‌ಗಳು ಮುದ್ದೇಬಿಹಾಳ, ಇಂಡಿ ಸುತ್ತಿ ಬರಿಗೈಲಿ ಬಂದರು. ಬುಧವಾರ 11.30ಕ್ಕೆ ಜಯಮಾಲಾಗೆ ಸಿಂದಗಿಯ ರಿಪೇರಿಗಾರ ಮೆಹರಾಜ ಸಿಕ್ಕ. ಹಿಂದಿನ ದಿನ ಅಂಥದೊಂದು ಡಬ್ಬಿ ಅವನ ಅಂಗಡಿಗೆ ಬಂದಿತ್ತು.

"ಮಾರಾಕ ತಂದಿದ್ರೇನು?"

"ಇಲ್ರಿ ಮೇಡಂ. ಐವತ್ತರ ಆಸುಪಾಸಿನ ಹೆಣ್ಮಗಳು, ಸೆರಗಿನಾಗ ಸುತ್ತಕೊಂಡು ತಂದಿದ್ಲು. ಜೂನ್ ಹನ್ನೆರಡರ ಚಿತ್ರ ತೋರಸು ಅಂದ್ಲು. ಪಾಸ್‌ವರ್ಡ್ ಇಲ್ದ ತೆರಿಯೂದಿಲ್ಲ ಅಂದೆ. ಅಳಕೋತ ಹೋದ್ಲು."

ಜಯಮಾಲಾ ಠಾಣೆಗೆ ಮರಳಿ ಅರ್ಜಿಗಳ ಕಟ್ಟು ಬಿಚ್ಚಿದರು. ಜೂನ್ 14ರ ಅರ್ಜಿ: ರೊಟ್ಟಿ ಬಡಿದು ಮಾರುವ ಜೋಹರಾಬಿಯ ಮಗಳು ಶಾಹಿಸ್ತಾ, ವಯಸ್ಸು ಹತ್ತೊಂಬತ್ತು, 12ರಂದು ಬಸ್ ನಿಲ್ದಾಣದಿಂದ ಕಾಣೆ. ಕೆಳಗೆ ಹಿಂಬರಹ: 'ಸ್ವಇಚ್ಛೆಯಿಂದ ಹೋಗಿರುವ ಸಾಧ್ಯತೆ. ಅರ್ಜಿ ಮುಕ್ತಾಯ.' ಸಹಿ ಸಂಜೀವಕುಮಾರರದು. ಓದದೆ ಮಾಡಿದ ಸಹಿ. ಜಯಮಾಲಾ ಅದನ್ನು ಮುಂದಿಟ್ಟಾಗ ಸಂಜೀವಕುಮಾರರಿಗೆ ನಾಚಿಕೆಯಾಯಿತು.

ಅಂದೇ ಸಂಜೆ 5ಕ್ಕೆ ಜೋಹರಾಬಿಯ ಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಮಾಲು ಸಿಕ್ಕಿತು. ಆಕೆ ಇಲ್ಲವೆನ್ನಲಿಲ್ಲ.

"ಯಾಕ ಒಯ್ದಿ ಯವ್ವಾ?" ಜಯಮಾಲಾ ಕೇಳಿದರು.

"ನಮ್ಮ ಹುಡುಗಿ ಯಾವ ಬಸ್ ಹತ್ತಿದ್ಲು, ಸಂಗಾಟ ಯಾರಿದ್ರು, ಎಲ್ಲಾ ಇದರಾಗ ಇರ್ತೈತಲ್ರಿ. ಶ್ರೀಶೈಲಪ್ಪಾರು ಪೊಲೀಸ್ರ ಚೀಟಿ ತಾ ಅಂದ್ರು. ನಿಮ್ಮ ಕಡೆ ಬಂದ್ರ, ಕೇಸೇ ಇಲ್ಲ, ಚೀಟಿ ಎಲ್ಲಿಂದ ಕೊಡೂಣು ಅಂದ್ರಿ. ಐದು ತಿಂಗಳು ಅಡ್ಡಾಡಿದೆ."

ಹೆಣ್ಣುಮಗಳು, ಹೊತ್ತು ಮುಳುಗುವ ಮೊದಲೇ ಬಂಧನ ತೋರಿಸಬೇಕಿತ್ತು. 5.20ಕ್ಕೆ ತೋರಿಸಿದರು.

ಠಾಣೆಗೆ ಶ್ರೀಶೈಲಪ್ಪ ಬಂದು ಪಾಸ್‌ವರ್ಡ್ ಒತ್ತಿ ಡಬ್ಬಿ ತೆರೆದರು. ಅದರಲ್ಲಿದ್ದ ತೀರ ಹಳೆಯ ಚಿತ್ರ ಅಕ್ಟೋಬರ್ 11ರದು.

"ಹಸಿರು ಚೂಡಿ ಹಾಕ್ಕೊಂಡಿದ್ಲ್ರಿ," ಎಂದಳು ಜೋಹರಾಬಿ, ಪರದೆಯಿಂದ ಕಣ್ಣು ತೆಗೆಯದೆ.

ಸಂಜೀವಕುಮಾರರೇ ಹೇಳಬೇಕಾಯಿತು. "ಒಂದು ತಿಂಗಳದ್ದಷ್ಟ ಇರ್ತೈತಿ ಇದರಾಗ. ಹಳೇದು ತಾನ ಅಳಿಸಿ ಹೋಗತೈತಿ."

ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, 6.40ಕ್ಕೆ ಶಾಹಿಸ್ತಾ ಕಾಣೆಯಾದ ಬಗ್ಗೆ ಎಫ್‌ಐಆರ್ ದಾಖಲಾಯಿತು, ಸಂಖ್ಯೆ 42. ಆರೋಪಿಯಾಗಿ ಹೆಬ್ಬೆಟ್ಟು ಒತ್ತಿದ್ದ ಜೋಹರಾಬಿ ಈಗ ದೂರುದಾರಳಾಗಿ ಒತ್ತಿದಳು. ಒತ್ತಿದ ಬೆರಳನ್ನು ಕಾಗದದ ಮೇಲಿಂದ ಎತ್ತದೆ ಕೇಳಿದಳು.

"ಸಾಹೇಬ್ರ, ನಾ ಮೊದಲ ಸಲ ನಿಮ್ಮ ಕಡೆ ಬಂದಾಗ, ಆಕಿ ಆ ಡಬ್ಬಿಯಾಗ ಇದ್ಲೇನ್ರಿ?"

"ಇದ್ಲು," ಎಂದರು ಸಂಜೀವಕುಮಾರ.