ನೆಲ್ಲಿ ಒಂದಲ್ಲ, ಎರಡು

"ಸಾರ್... ಆ ಮರ ತಬ್ಕೋಬೇಡಿ!"

ದೀಪಿಕಳ ಕೂಗಿಗೆ ಯತೀಶ್ ಬೆಚ್ಚಿ ಹಿಂದೆ ಸರಿದ. ಕೈಯಲ್ಲಿದ್ದ ಅಳತೆ ಟೇಪು ಜಾರಿ ಬಿತ್ತು.

"ಅದು ಕರಿಗೇರು ಕಣ್ರೀ! ಸೊನೆ ತಾಗುದ್ರೆ ಮೈಯೆಲ್ಲ ಬೊಬ್ಬೆ ಬತ್ತವೆ."

ಗುತ್ತಲಿನ ಯತೀಶ್ ಸಂಶೋಧಕ. ಬೆಳಕವಾಡಿಯಾಚೆಯ ಕಾಡಿನಲ್ಲಿ ಎಷ್ಟು ಬಗೆಯ ಮರಗಳಿವೆ, ಒಂದೊಂದು ಬಗೆಯವು ಎಷ್ಟೆಷ್ಟಿವೆ ಎಂದು ಲೆಕ್ಕ ಹಾಕಲು ಬಂದಿದ್ದ. ಬೆಳಕವಾಡಿಯ ದೀಪಿಕ ಬಿಎಸ್ಸಿ ಮುಗಿಸಿದವಳು. ಮರ ಗುರುತಿಸಿಕೊಡಲು ಅಂದೇ ಕೆಲಸಕ್ಕೆ ಸೇರಿದ್ದಳು.

"ಮೊದಲನೇ ದಿನಾನೇ ಕಾಪಾಡಿದ್ರಿ," ಎಂದು ಅವನು ನಕ್ಕ.

ಆ ನಗುವಿಗೆ ಅವಳ ಎದೆ ಯಾಕೋ ಜೋರಾಗಿ ಹೊಡೆದುಕೊಂಡಿತು!

ಮೂರು ತಿಂಗಳು, ಹಗ್ಗ ಕಟ್ಟಿ ಗುರುತು ಮಾಡಿದ ಚೌಕಗಳೊಳಗೆ ಇಬ್ಬರೂ ಜೊತೆಯಾಗಿ ಓಡಾಡಿದರು. ದಿಂಡಿಗ, ಮತ್ತಿ, ಕಕ್ಕೆ... ಅವಳು ಹೇಳುವಳು, ಅವನು ಬರೆಯುವನು. ಮಧ್ಯಾಹ್ನ ಅವಳ ಬುತ್ತಿಯ ಮುದ್ದೆ ಇಬ್ಬರಿಗೂ ಪಾಲು.

ಒಂದು ದಿನ ನೆಲ್ಲಿ ಮರದ ಕೆಳಗೆ ಜಗಳವಾಯಿತು.

"ಇದು ಬೇರೆ ನೆಲ್ಲಿ ಸಾರ್. ಎಲೆ ಅಗಲ, ಕಾಯಿ ದಪ್ಪ. ಎರಡು ಬಗೆ ಅಂತ ಬರ್ಕೊಳಿ."

"ಎರಡೂ ಒಂದೇ. ಊರವರು ಹೇಳಿದ್ದನ್ನೆಲ್ಲ ಬರ್ಕೊಂಡ್ರೆ ನನ್ನ ಲೆಕ್ಕಾನೇ ಹಾಳಾಗುತ್ತೆ!"

ಅವಳ ಕಣ್ಣೆದುರೇ, ಆ ಮರಕ್ಕೆಂದು ಬರೆಯತೊಡಗಿದ್ದ ಹೊಸ ಸಾಲಿಗೆ ಗೀಟು ಹೊಡೆದ.

ಇವನ ಕಣ್ಣಿಗೆ ನಾನು ಅಷ್ಟೇನಾ...? ದೀಪಿಕ ಬುತ್ತಿಯ ಚೀಲ ಹೆಗಲಿಗೇರಿಸಿದಳು.

"ಹಂಗಾದ್ರೆ ಊರವಳು ನಿಮಗ್ಯಾಕೆ? ನಾನು ಓಯ್ತೀನಿ!"

ಮಾರನೆಯ ದಿನದಿಂದ ಅವಳು ಕಾಡಿನತ್ತ ಸುಳಿಯಲಿಲ್ಲ. ಅವನ ಫೋನನ್ನೂ ಎತ್ತಲಿಲ್ಲ. ಎತ್ತಬೇಕು ಅಂತ ಪ್ರತಿ ಸಲವೂ ಅನಿಸುತ್ತಿತ್ತು...

ಹತ್ತನೆಯ ದಿನ ಬೆಳಿಗ್ಗೆ ಅಜ್ಜಿ ಅಂಕಮ್ಮ ಕೂಗಿದಳು.

"ಲೇ ದೀಪಿ, ಬಾಮ್ಮಿ ಇಲ್ಲಿ! ಯಾವ್ದೋ ಐದ ಬಂದವ್ನೆ. ಕೈಯೆಲ್ಲ ಮುಳ್ಳು ಗೀರ್ಕಂಡವ್ನೆ, ಪಾಪ!"

ಜಗಲಿಯ ಹತ್ತಿರ ಯತೀಶ್ ನಿಂತಿದ್ದ.

"ಮೂವತ್ತೇಳು ನೆಲ್ಲಿ ಮರಾನೂ ಇನ್ನೊಂದ್ಸಲ ನೋಡ್ದೆ. ಎಲೆ, ಕಾಯಿ ನನ್ನ ಸಂಶೋಧನೆ ನೋಡ್ಕೊಳ್ಳೋ ಮೇಷ್ಟ್ರಿಗೆ ತೋರಿಸ್ದೆ. ಎರಡೂ ಬೇರೆ ಬೇರೇನೇ. ಗುರುತಿಸಿದವರು ಅಂತ ನಿಮ್ಮ ಹೆಸರು ಬರ್ದಿದ್ದೀನಿ." ಅವನ ತಲೆ ತಗ್ಗಿತು. "ಮರದ ವಿಷಯ ಬಿಡಿ... ನಿಮ್ಮ ಮಾತನ್ನ ಹಾಗೆ ತಳ್ಳಿಹಾಕ್ಬಾರ್ದಿತ್ತು. ತಪ್ಪಾಯ್ತು."

ಹತ್ತು ದಿನ ಹಿಡಿದಿಟ್ಟ ಕೋಪ ಎತ್ತ ಹೋಯಿತೋ!

"ಇದನ್ನ ಹೇಳಾಕೆ ಇಲ್ಲೀಗಂಟ ಬರ್ಬೇಕಿತ್ತಾ? ಒಂದು ಮೆಸೇಜ್ ಹಾಕಿದ್ರೆ ಆಯ್ತಿತ್ತು."

"ಮೆಸೇಜಲ್ಲಿ ಹೇಳಕ್ಕಾಗ್ದಿರೋದು ಇನ್ನೊಂದಿದೆ..." ಅವನು ಉಸಿರು ಎಳೆದುಕೊಂಡ. "ಈ ಕೆಲಸ ಮುಂದಿನ ತಿಂಗಳು ಮುಗಿಯುತ್ತೆ. ಆಮೇಲೂ ನೀವು ನನ್ನ ಜೊತೇಲಿ ಇರ್ಬೇಕು. ಮದುವೆ ಆಗ್ತೀರಾ, ದೀಪಿಕ?"

ಒಳಗೆ ಅಜ್ಜಿ ಪಾತ್ರೆ ತೊಳೆಯುತ್ತಿದ್ದ ಸದ್ದು ಥಟ್ಟನೆ ನಿಂತಿತು!

ದೀಪಿಕಳ ಕೆನ್ನೆ ಬಿಸಿಯಾಯಿತು. "ಅಪ್ಪನ್ನ ಕೇಳ್ಬೇಕು..."

"ಕೇಳ್ತೀನಿ. ಮೊದ್ಲು ನೀವು ಹೇಳಿ."

"ಇಷ್ಟ ಇಲ್ದಿದ್ರೆ ಅಪ್ಪನ್ನ ಕೇಳಿ ಅಂತಿದ್ನಾ?" ಅವಳು ನಕ್ಕುಬಿಟ್ಟಳು. "ಗದ್ದೆ ತಾವ ಅವ್ರೆ. ನಡೀರಿ."

"ಈಗ್ಲೇನಾ?" ಯತೀಶ್ ಒಂದು ಹೆಜ್ಜೆ ಹಿಂದೆ ಸರಿದ.

"ಹೂಂ, ಈಗ್ಲೇ! ಎದ್ರುಕೋಬೇಡಿ... ನಾನೂ ಬತ್ತೀನಲ್ಲ."