ಸಂಪಿನ ಮುಚ್ಚಳ

"ಅತ್ತೀ, ಬೀಗದ ಕೈ ಕೊಡ್ರಿ! ಇವತ್ತ ನನ್ನ ಮಗಳನ್ನ ಕೆಳಗ ಕರಕೊಂಡು ಹೋಗಾಕೇ ಬೇಕು!"

ಸೊಸೆ ರೇಣುಕಾಳ ಕೂಗಿಗೆ ಸುಗಲಮ್ಮ ಜಗ್ಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ಇನ್ನಷ್ಟು ಒಳಗೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. ಸನತ್‌ನಗರದ ಆ ಮೂರನೇ ಮಹಡಿಯ ಮನೆಯಲ್ಲಿ ಅವರ ಮಾತೇ ಕಾನೂನು. ಮಗ ಪರಮೇಶ ಕೆಲಸಕ್ಕೆಂದು ಪಟಾನ್‌ಚೆರುವಿನ ಬಸ್ಸು ಹತ್ತಿದರೆ ಅವನಿಗೆ ಇದ್ಯಾವುದರ ಗೊಡವೆಯೂ ಇಲ್ಲ. ಮೊಮ್ಮಗಳು ಉಮಾ ಶಾಲೆಯಿಂದ ಬಂದದ್ದೇ ತಡ, ಒಳಗಿನಿಂದ ಬೀಗ!

ರೇಣುಕಾಳ ಕೆಲಸವಾದರೂ ಎಂಥದ್ದು! ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರ ಜಿಮ್ಮಿನಲ್ಲಿ ಯಂತ್ರ ಒರೆಸುವುದು. ದಿನವಿಡೀ ಕುರ್ಚಿಗೆ ಅಂಟಿಕೊಂಡಿದ್ದ ಮಹಾನುಭಾವರು ಅಲ್ಲಿಗೆ ಬಂದು ನಿಂತಲ್ಲೇ ಓಡುತ್ತಿದ್ದರು. ಅವರ ಬೆವರು ಒರೆಸುವಾಗಲೆಲ್ಲ, ಕಿಟಕಿಯ ಸರಳು ಹಿಡಿದು ನಿಂತ ಮಗಳೇ ಅವಳ ಕಣ್ಣಿಗೆ ಕಟ್ಟುತ್ತಿದ್ದಳು. ಅಯ್ಯೋ... ಓಡುವ ವಯಸ್ಸಿನ ಕೂಸು!

"ಮಾಳಿಗಿ ಹತ್ತೂದ್ರಾಗ ಕೂಸಿಗೆ ದಮ್ಮು ಹತ್ತತೈತ್ರಿ. ಡಾಕ್ಟರ್ ಔಷಧಾನ ಬರಿಲಿಲ್ಲ. ರೋಗ ಏನೂ ಇಲ್ಲ, ದಿನಾ ಬೆವರು ಬರೋಮಟ ಆಡಾಕ ಬಿಡ್ರಿ ಅಂದ್ರು!"

"ಆಡಾಕ ಬಿಟ್ಟೇ ನನ್ನ ಉಮಾನ್ನ ಕಳಕೊಂಡೆ!" ಸುಗಲಮ್ಮನ ದನಿ ಒಡೆಯಿತು.

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಅದು. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೊಸತರಲ್ಲಿ, ಮುಟ್ಟಾಟ ಆಡುತ್ತಿದ್ದ ಅವರ ಹಿರಿಯ ಮಗಳು ಉಮಾ ಮುಚ್ಚಳವಿಲ್ಲದ ನೀರಿನ ಸಂಪಿಗೆ ಬಿದ್ದಿದ್ದಳು. ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತ ತಾಯಿ ನೋಡುತ್ತಿದ್ದಂತೆಯೇ... ಅವಳ ಹೆಸರನ್ನೇ ಮೊಮ್ಮಗಳಿಗಿಟ್ಟ ಸುಗಲಮ್ಮ, ಮರಳಿ ಬಂದವಳನ್ನು ಇನ್ನೊಮ್ಮೆ ಕಳೆದುಕೊಳ್ಳಲಾರದೆ ಬೀಗ ಜಡಿದಿದ್ದರು.

ರೇಣುಕಾ ಅತ್ತೆಯ ಕಾಲ ಬಳಿ ಕುಸಿದಳು. "ಆಕಿ ನೀರಾಗ ಉಸಿರು ಬಿಟ್ಟಳ್ರಿ... ಈಕಿ ನಿಮ್ಮ ಕಣ್ಣ ಮುಂದ, ಒಣ ನೆಲದ ಮ್ಯಾಲ, ಉಸಿರಿಗೆ ಒದ್ದಾಡಾಕತ್ತಾಳ..."

ಮೂಲೆಯಲ್ಲಿದ್ದ ಉಮಾ ಮೆಲ್ಲಗೆ ಬಂದು ಅಜ್ಜಿಯ ಸೆರಗು ಹಿಡಿದಳು. "ಅಜ್ಜೀ, ನೀನೂ ಬಾ. ನಾ ಓಡೂದಿಲ್ಲ... ಬರೇ ನಡೀತೀನಿ."

ಸುಗಲಮ್ಮ ಮೊಮ್ಮಗಳ ಮುಖವನ್ನೇ ನೋಡಿದರು. ಸೊಂಟದಿಂದ ಬೀಗದ ಕೈ ಎಳೆದು ಬಾಗಿಲು ತೆರೆದರು. ನೋಯುವ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

ಅಂಗಳದ ನಡುವೆ ಇಲ್ಲೂ ಒಂದು ಸಂಪು. ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ ಬಿಸಿಲಿಗೆ ಇನ್ನೂ ಸುಡುತ್ತಿತ್ತು. ಸುಗಲಮ್ಮ ನೇರವಾಗಿ ಅಲ್ಲಿಗೇ ಹೋಗಿ, ಮೈಭಾರವನ್ನೆಲ್ಲ ಬಿಟ್ಟು ಮುಚ್ಚಳದ ಮೇಲೆ ಕುಳಿತರು. ಎರಡೂ ಅಂಗೈಗಳನ್ನು ಅದರ ಮೇಲೆ ಒತ್ತಿ ಹಿಡಿದರು.

"ರೇಣುಕಾ, ದಿನಾ ನಾನೇ ಇಲ್ಲಿ ಕುಂದರತೀನಿ. ನೀ ಕೆಲಸಕ್ಕ ಹೋಗವಾ."

ಉಮಾ ಹೆದರಿ ನಿಂತಲ್ಲೇ ನಿಂತಿದ್ದಳು. ಸುಗಲಮ್ಮ ಕಣ್ಣು ಮುಚ್ಚಿಕೊಂಡರು.

"ಓಡು ನನ್ನವ್ವಾ... ನಾ ಕುಂತೀನಿ, ಓಡು!"