ಪಿಂಗ್ ಇಲ್ಲದ ಕಂಟೇನರ್

"ಏನ್ರೀ ಇದು? ಪಿಂಗ್ ಕೂಡ ಇಲ್ವಲ್ಲ!"

ಬಾಗಿಲು ತಟ್ಟದೆ ಸರ್ವರ್ ಕೋಣೆಗೆ ನುಗ್ಗಿದ ಲ್ಯಾಬ್ ಮೇಡಂ ಮುಖ ಕೆಂಪಾಗಿತ್ತು. ಒಳಗೆ ಕೂತಿದ್ದವನು ತಲೆ ಎತ್ತಿದ. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರು 'ಕತ್ತರಿ'.

ಒಂದೇ ಕಂಪ್ಯೂಟರಿನೊಳಗೆ ಹತ್ತಾರು ಕಂಟೇನರ್, ಅಂದರೆ ಕಂಪ್ಯೂಟರಿನಂತೆಯೇ ನಡೆಯುವ ಪುಟ್ಟ ಗೂಡುಗಳನ್ನು ಎಬ್ಬಿಸಿ, ನಡುವೆ ನೆಟ್‌ವರ್ಕ್ ಹೆಣೆದು ಕಲಿಸುವ ಲ್ಯಾಬ್ ಅವಳದು. ಪ್ರತಿ ಕಂಟೇನರನ್ನೂ ನಡೆಸಲು ಒಂದು ಪುಟ್ಟ ಲಿನಕ್ಸ್ ಬೇಕು. ಅದರ ಫೈಲುಗಳ ಗಂಟಾದ ರೂಟ್ ಫೈಲ್‌ಸಿಸ್ಟಮ್ ಕಟ್ಟುವವನು ಇವನು. ಬೇಡದ್ದನ್ನು ಕತ್ತರಿಸಿ ಬಿಸಾಡುವುದರಲ್ಲಿ ಎತ್ತಿದ ಕೈ!

"ಜಾಗ ಉಳಿಸೋಕೆ ತೆಗೆದೆ ಮೇಡಂ."

"ಪಕ್ಕದ ಮಷಿನ್ ಎದ್ದಿದೆಯೋ ಇಲ್ವೋ ಅಂತ ಮಕ್ಕಳು ಹೇಗೆ ಕೇಳ್ಬೇಕು? ಗೋಡೆ ಬಡಿದಾ?"

ಅವನು ನಕ್ಕುಬಿಟ್ಟ. ಅವಳ ಕೋಪ ಎಲ್ಲಿ ಹೋಯಿತೋ... ಅವಳಿಗೇ ತಿಳಿಯಲಿಲ್ಲ. ಆಮೇಲೆ ಜಗಳಕ್ಕೆ ನೆಪ ಹುಡುಕಿಕೊಂಡು ಹೋಗುವುದೇ ರೂಢಿಯಾಯಿತು. ಇಬ್ಬರ ಮನಸ್ಸೂ ಇಬ್ಬರಿಗೂ ಗೊತ್ತು, ಬಾಯಿ ಬಿಡುವವರು ಮಾತ್ರ ಯಾರೂ ಇಲ್ಲ!

ಪರೀಕ್ಷೆಯ ಹಿಂದಿನ ಸಂಜೆ ಅವನು ಬೇಗ ಮನೆಗೆ ಹೋಗಿದ್ದ. ಹೊಸದಾಗಿ ಕಟ್ಟಿದ್ದರಲ್ಲಿ ಮತ್ತೆ ಪಿಂಗ್ ಮರೆತಿದ್ದ.

'ನಾನೇ ಹಾಕ್ತೀನಿ. ಅದೇನು ಬ್ರಹ್ಮವಿದ್ಯೆಯಾ?'

ಅದನ್ನು ಒಮ್ಮೆ ಎಬ್ಬಿಸಿದಳು, ಪಿಂಗ್ ಹಾಕಿದಳು, ಆರಿಸಿ ಹಾಗೇ ಗಂಟು ಕಟ್ಟಿಟ್ಟಳು. ಅವನಿಗೆ ಹೇಳಲಿಲ್ಲ.

ಮರುದಿನ ಪರೀಕ್ಷೆಯಲ್ಲಿ ಆ ಗಂಟಿನ ನಕಲುಗಳಿಂದ ಎದ್ದ ಕಂಟೇನರ್‌ಗಳೆಲ್ಲ ಒಂದೇ ನೆಟ್‌ವರ್ಕ್ ವಿಳಾಸ ಹಿಡಿದು ಕೂತವು! ಒಂದು ಸಂದೇಶವೂ ಸರಿಯಾದ ಕಡೆ ಹೋಗಲಿಲ್ಲ. ಮಕ್ಕಳು ಅಳುವುದೊಂದೇ ಬಾಕಿ.

"ಯಾರ ಕೆಲಸ ಇದು?" ಪ್ರಾಂಶುಪಾಲರು ಗುಡುಗಿದರು.

"ಕಟ್ಟಿದವರನ್ನೇ ಕೇಳಿ ಸರ್! ಕತ್ತರಿಸೋದೊಂದು ಗೊತ್ತು ಇವರಿಗೆ!"

ಅವನು ಪರದೆ ನೋಡಿದ. ಅವಳನ್ನು ನೋಡಿದ.

"ನನ್ನದೇ ತಪ್ಪು ಸರ್."

ಅಂದೇ ಕೆಲಸ ಬಿಟ್ಟ. ಅವಳು ಫೋನ್ ಮಾಡಲಿಲ್ಲ. 'ತಪ್ಪು ಅವರದು, ಅವರೇ ಮಾಡಲಿ!' ಎಂಬ ಬಿಗುಮಾನ. ಅಕ್ಕ ಬೇರೆ ಗಾಯಕ್ಕೆ ಉಪ್ಪು ಸವರುತ್ತಿದ್ದಳು: "ತಪ್ಪು ಅವರದು ಅಂತೀಯ, ಅಳೋದು ಮಾತ್ರ ನೀನು!"

ಮುಂದೆ ರೂಟ್ ಫೈಲ್‌ಸಿಸ್ಟಮ್ ಕಟ್ಟುವ ಕೆಲಸ ಅವಳ ತಲೆಗೇ ಬಿತ್ತು. ಕಟ್ಟಿದಳು, ಎಬ್ಬಿಸಿ ನೋಡಿದಳು, ನಕಲು ಮಾಡಿದಳು. ಮತ್ತೆ ಎಲ್ಲಕ್ಕೂ ಅದೇ ವಿಳಾಸ!

ಹುಡುಕಿದಾಗ ಕಾರಣ ಸಿಕ್ಕಿತು. ಲಿನಕ್ಸ್ ಮೊದಲ ಸಲ ಎದ್ದಾಗ ತನಗೊಂದು ಗುರುತು ಬರೆದುಕೊಳ್ಳುತ್ತದೆ; ವಿಳಾಸ ಸಿಗುವುದು ಆ ಗುರುತಿನ ಮೇಲೆಯೇ. ಗಂಟು ಕಟ್ಟುವ ಮುಂಚೆ ಅದನ್ನು ಅಳಿಸದಿದ್ದರೆ ನಕಲುಗಳಿಗೆಲ್ಲ ಒಂದೇ ಗುರುತು, ಒಂದೇ ವಿಳಾಸ. ಕತ್ತರಿ ಅದನ್ನು ಅಳಿಸದೆ ಎಂದೂ ಬಿಟ್ಟವನಲ್ಲ. ಆ ಸಂಜೆ ಎಬ್ಬಿಸಿದವಳು... ತಾನು!

ಊರಾಚೆಯ ತರಬೇತಿ ಕೇಂದ್ರದಲ್ಲಿ ಅವನು ಸಿಕ್ಕ. ಮಕ್ಕಳು ಹೋಗಿದ್ದರು. ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಡುತ್ತಿದ್ದ.

"ನಿಮಗೆ ಆವತ್ತೇ ಗೊತ್ತಿತ್ತಾ?"

"ಪರದೆ ನೋಡಿದ ಕೂಡಲೇ."

"ಮತ್ಯಾಕೆ ಹೇಳ್ಲಿಲ್ಲ? ನನ್ನನ್ನ ಉಳಿಸೋಕಾ?"

"ನನ್ನನ್ನ ಅಷ್ಟು ದೊಡ್ಡವನನ್ನಾಗಿ ಮಾಡ್ಬೇಡಿ," ಅವನ ದನಿ ಒರಟಾಗಿತ್ತು. "ಕೋಪ ಬಂದಿತ್ತು. ಏನಾಯ್ತು ಅಂತ ಒಂದೇ ಒಂದು ಸಲ ಬಂದು ಕೇಳ್ತೀರಿ ಅಂತ ಕಾದೆ... ನೀವು ಕೇಳ್ಲೇ ಇಲ್ಲ."

ಅವಳ ಕಣ್ಣು ತುಂಬಿತು.

"ಪ್ರಾಂಶುಪಾಲರಿಗೆ ಎಲ್ಲ ಹೇಳಿ ಬಂದೆ. ನನ್ನ ಕೆಲಸ ಉಳಿಯೋದು ಅನುಮಾನ. ನಿಮ್ಮನ್ನ ಪ್ರೀತಿಸ್ತೀನಿ ಅಂತಾನೂ ಹೇಳ್ಬೇಕಿತ್ತು... ತಡ ಆಯ್ತು, ಗೊತ್ತು."

"ತುಂಬಾ ತಡ ಆಯ್ತು. ಎಲ್ಲರ ಮುಂದೆ ನೀವಂದ ಮಾತು ಇನ್ನೂ ಚುಚ್ಚುತ್ತೆ. ಮೊದಲಿನ ಹಾಗೆ ನಗೋಕೆ ನನಗೆ ಬರಲ್ಲ."

"ನಗಬೇಡಿ."

ಎದುರಿನ ಪರದೆಯಲ್ಲಿ ಕಂಟೇನರೊಂದು ಎದ್ದಿತ್ತು. ಅಭ್ಯಾಸಬಲದಿಂದ ಅವಳು ಪಿಂಗ್ ಒತ್ತಿದಳು. ಉತ್ತರ ಬಂತು!

"ಇದರಲ್ಲಿ ಇದೆ..."

"ಅಲ್ಲಿಂದ ಬಂದ ಮೇಲೆ ಒಂದರಲ್ಲೂ ಮರೆತಿಲ್ಲ." ಅವನು ಅವಳತ್ತ ನೋಡಲಿಲ್ಲ. ಮಗುಚಿಟ್ಟ ಕುರ್ಚಿಯೊಂದನ್ನು ಇಳಿಸಿ ಅವಳ ಮುಂದಿಟ್ಟ. "ಕೂತ್ಕೊಳ್ಳಿ. ಬೈಯೋದು ಇನ್ನೂ ಬಾಕಿ ಇದ್ಯಾ?"

"ಇಲ್ಲ. ಕೇಳೋದು ಬಾಕಿ ಇದೆ." ಅವಳು ಕಣ್ಣೊರೆಸಿಕೊಂಡಳು. "ಆವತ್ತು ಏನಾಯ್ತು... ಹೇಳ್ತೀರಾ?"